ನಮ್ಮ ಮೇವಿಗೆ ಒಗ್ಗುವ ಕುರಿ: ದೊಡ್ಡ ತಳಿಯ ಟಗರು ತರುವುದೋ, ಇರುವ ಹಿಂಡನ್ನೇ ತಿದ್ದುವುದೋ?

ಬಯಲುಮೇವು (ಪ್ರಶ್ನೆ)

110 ಹೆಣ್ಣು ಕುರಿ, 3 ಟಗರು ಇವೆ. ಕುರಿಗಳ ಸರಾಸರಿ ತೂಕ 40 ಕೆಜಿ. ಮೇಯುವುದು ಕಲ್ಲು ನೆಲದಲ್ಲಿ, ದಿನಕ್ಕೆ 5–6 ಕಿ.ಮೀ. ನಡಿಗೆ. ಮೂರು ತಿಂಗಳು ಜೋರು ಮಳೆ, ಆಮೇಲೆ ಬಿಸಿಲು, ಕೊನೆಯ ನಾಲ್ಕು ತಿಂಗಳು ಒಣಹುಲ್ಲೇ ಗತಿ. ಹಿಂಡಿ, ಕಾಳು ಹಾಕುವುದು ಮರಿ ಹಾಕುವ ಆಸುಪಾಸಿನ ಕೆಲವು ವಾರ ಮಾತ್ರ.

ತೊಂದರೆ ಎರಡು. ಮಳೆಗಾಲದಲ್ಲಿ ಜಂತುಹುಳು ವಿಪರೀತ. 5–6 ವಾರಕ್ಕೊಮ್ಮೆ ಇಡೀ ಹಿಂಡಿಗೆ ಔಷಧಿ ಕುಡಿಸಿದರೂ ಗದ್ದದ ಬಾವು ಬಂದು ಮರಿಗಳು ಸಾಯುತ್ತವೆ. ಎರಡನೆಯದು, 90 ದಿನಕ್ಕೆ ಹಾಲು ಬಿಡಿಸುವಾಗ ಮರಿ 15 ಕೆಜಿ ದಾಟುವುದಿಲ್ಲ.

60–70 ಕೆಜಿ ತೂಗುವ ಮಾಂಸದ ತಳಿಯ ಟಗರು ತಂದು ಹಿಂಡನ್ನೇ ಬದಲಿಸಿಬಿಡೋಣ ಎಂಬ ಯೋಚನೆ ಇದೆ. ಯಾವ ತಳಿ ತರಬೇಕು? ಅಥವಾ ಇರುವ ಹಿಂಡಿನಲ್ಲೇ ಆರಿಸುತ್ತಾ ಹೋದರೆ ಏನಾದರೂ ಬದಲಾಗುತ್ತದೆಯೇ? ಹಾಗೆ ಮಾಡುವುದಾದರೆ ಏನೇನು ಅಳೆಯಬೇಕು, ಮೂರೇ ಟಗರು ಇಟ್ಟುಕೊಂಡು ರಕ್ತಸಂಬಂಧ ಹೇಗೆ ತಪ್ಪಿಸಬೇಕು?

---

ತಕ್ಕಡಿ

ತಳಿಯ ಹೆಸರಿಗೆ ಮೊದಲು ಮೇವಿನ ಲೆಕ್ಕ ಹಾಕಿ. ಪ್ರಾಣಿ ಸುಮ್ಮನೆ ಬದುಕಿರಲು ಬೇಕಾದ ಮೇವು ಅದರ ತೂಕದ 0.75 ಘಾತಕ್ಕೆ ಅನುಗುಣವಾಗಿ ಏರುತ್ತದೆ. 40 ಕೆಜಿ ಕುರಿಗೆ ಆ ಅಂಕಿ 15.9, 60 ಕೆಜಿ ಕುರಿಗೆ 21.6. ಅಂದರೆ ದೊಡ್ಡ ಕುರಿ ಸುಮಾರು 35% ಹೆಚ್ಚು ತಿನ್ನುತ್ತದೆ. ಈಗ 110 ಕುರಿ ಸಾಕುತ್ತಿರುವ ನೆಲ 60 ಕೆಜಿಯ ಕುರಿಗಳಾದರೆ 81ನ್ನು ಮಾತ್ರ ಸಾಕೀತು. ಈಗಿನ ಒಟ್ಟು ಮರಿತೂಕಕ್ಕೆ ಸಮನಾಗಬೇಕಾದರೂ ಆ 81ರಲ್ಲಿ ಪ್ರತಿಯೊಂದೂ 15ರ ಜಾಗದಲ್ಲಿ 20 ಕೆಜಿಗೂ ಮೇಲ್ಪಟ್ಟು ಮರಿ ಬೆಳೆಸಬೇಕು, ಅದೂ ಇದೇ ಕಲ್ಲು ನೆಲದಲ್ಲಿ, ಇದೇ ಒಣಹುಲ್ಲಿನಲ್ಲಿ. ದೊಡ್ಡ ಕುರಿಗೆ ಮೇವು ಸಾಲದಿದ್ದರೆ ಮೊದಲು ಇಳಿಯುವುದು ಹಾಲು, ಆಮೇಲೆ ಬೆದೆ. ಮುಂದಿನ ವರ್ಷ ಬರಡು ಉಳಿದವುಗಳ ಸಂಖ್ಯೆ ನೋಡಿದಾಗಲೇ ಅದು ಗೊತ್ತಾಗುವುದು.

ಒಂದು ಕಡೆ ಗೆದ್ದ ತಳಿ ಇನ್ನೊಂದು ಕಡೆ ಸೋಲುತ್ತದೆ ಎನ್ನುವುದಕ್ಕೆ ಕೀನ್ಯಾದ ಹೋಲಿಕೆ ಒಳ್ಳೆಯ ಉದಾಹರಣೆ. ಡಾರ್ಪರ್ ಎಂಬುದು 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಡಾರ್ಸೆಟ್ ಹಾರ್ನ್ ಮತ್ತು ಕಪ್ಪುತಲೆಯ ಪರ್ಷಿಯನ್ ಕುರಿ ಕೂಡಿಸಿ ಒಣಸೀಮೆಗೆಂದೇ ಕಟ್ಟಿದ ತಳಿ. ರೆಡ್ ಮಸಾಯಿ ಪೂರ್ವ ಆಫ್ರಿಕಾದ ದೇಸಿ ಕುರಿ, ಮೈಕಟ್ಟಿನಲ್ಲಿ ಸಣ್ಣದು. ಜಂತುಹುಳು ತುಂಬಿದ ತೇವದ ಕರಾವಳಿಯಲ್ಲಿ ಎರಡನ್ನೂ ಒಟ್ಟಿಗೆ ಸಾಕಿದಾಗ ರೆಡ್ ಮಸಾಯಿ ಮರಿಗಳು ಹೆಚ್ಚು ಬದುಕಿದವು, ಹಿಕ್ಕೆಯಲ್ಲಿ ಮೊಟ್ಟೆಯೂ ಕಡಿಮೆ. ಒಣ ಸೀಮೆಯಲ್ಲಿ ಡಾರ್ಪರ್‌ನ ಆ ಹಿನ್ನಡೆ ಬಹುಮಟ್ಟಿಗೆ ಮಾಯವಾಯಿತು. "ಯಾವುದು ಒಳ್ಳೆಯ ತಳಿ" ಎಂಬ ಪ್ರಶ್ನೆಗೆ ಊರು ಸೇರಿಸದೆ ಉತ್ತರವಿಲ್ಲ.

ನಿಮ್ಮದು ಎರಡರ ಬೆರಕೆ: ಮೂರು ತಿಂಗಳು ಹುಳುವಿನ ಸೀಮೆ, ನಾಲ್ಕು ತಿಂಗಳು ಬರದ ಸೀಮೆ. ಎರಡನ್ನೂ ದಾಟಿ ಪ್ರತಿ ವರ್ಷ ಮರಿ ಕೊಡುತ್ತಿರುವ ಕುರಿಗಳು ನಿಮ್ಮ ಹಿಂಡಿನಲ್ಲಿ ಈಗಾಗಲೇ ಇರುತ್ತವೆ. ಯಾವುವು ಎಂದು ಗೊತ್ತಿಲ್ಲ, ಅಷ್ಟೇ. ಕಿವಿಯೋಲೆ, ಒಂದು ಪುಸ್ತಕ, ಒಂದು ತೂಗುತಕ್ಕಡಿ. ಅಲ್ಲಿಂದ ಶುರು.

ಮೊದಲ ವರ್ಷ ಬರೆಯಬೇಕಾದದ್ದು ಇಷ್ಟು: ತಾಯಿಯ ಸಂಖ್ಯೆ, ಟಗರಿನ ಸಂಖ್ಯೆ, ಹುಟ್ಟಿದ ದಿನ, ಒಂಟಿಯೋ ಅವಳಿಯೋ, ಹೆಣ್ಣೋ ಗಂಡೋ, ಹುಟ್ಟುತೂಕ, ಹಾಲು ಬಿಡಿಸುವ ದಿನದ ತೂಕ, ಔಷಧಿ ಕುಡಿಸಿದ ದಿನಾಂಕಗಳು, ಸತ್ತರೆ ಕಾರಣ. ಇಪ್ಪತ್ತು ಅಂಕಣ ಹಾಕಿಕೊಂಡವರು ಮೂರನೇ ತಿಂಗಳಿಗೆ ಪುಸ್ತಕ ಮುಚ್ಚುತ್ತಾರೆ. ಮೇಲಿನ ಒಂಬತ್ತು ಸಾಕು.

---

ಹಿಕ್ಕೆಪರೀಕ್ಷೆ

ಹುಳುವಿನ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ 5–6 ವಾರಕ್ಕೊಮ್ಮೆ ಇಡೀ ಹಿಂಡಿಗೆ ಕುಡಿಸುವುದು ಎರಡು ಕಡೆಯಿಂದ ಕೆಡಿಸುತ್ತದೆ. ಔಷಧಿಗೆ ಸಾಯದ ಹುಳುಗಳಷ್ಟೇ ಉಳಿದು ಮರಿಮಾಡುತ್ತವೆ. ಜೊತೆಗೆ ಹುಳು ತಡೆಯಲಾರದ ಕುರಿಯೂ ತಡೆಯುವ ಕುರಿಯೂ ಒಂದೇ ಥರ ಕಾಣಿಸುತ್ತವೆ, ಆರಿಸಲು ದಾರಿಯೇ ಇರುವುದಿಲ್ಲ.

ಯಾವ ಹಿಂಡಿನಲ್ಲೂ ಹುಳು ಸಮನಾಗಿ ಹಂಚಿರುವುದಿಲ್ಲ. ಹೆಚ್ಚುಕಡಿಮೆ ಕಾಲು ಭಾಗ ಪ್ರಾಣಿಗಳೇ ಬಹುಪಾಲು ಮೊಟ್ಟೆಗಳನ್ನು ಹುಲ್ಲಿಗೆ ಉದುರಿಸುತ್ತಿರುತ್ತವೆ. ಆ ಕಾಲು ಭಾಗವನ್ನು ಗುರುತಿಸಿ ಹೊರಹಾಕಿದರೆ ಉಳಿದವುಗಳ ಮೇವೂ ಶುಚಿಯಾಗುತ್ತದೆ.

ದೊಡ್ಡ ಕುರಿಗಳಿಗೆ: ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಕಣ್ಣಿನ ಕೆಳರೆಪ್ಪೆಯ ಒಳಬಣ್ಣ ನೋಡಿ. ಇದಕ್ಕೆ ಫಮಾಚಾ ಎಂಬ ಬಣ್ಣದ ಚೀಟಿ ಇದೆ, ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ್ದು. 1 ಮತ್ತು 2 (ಕೆಂಪು) ಬಂದರೆ ಬಿಡಿ. 4 ಮತ್ತು 5 (ಬಿಳಿಚಿದ್ದು) ಬಂದರೆ ಔಷಧಿ ಕೊಡಿ. 3 ಬಂದರೆ ಮರಿ, ಗಬ್ಬದ ಕುರಿ, ಹಾಲೂಡಿಸುವ ಕುರಿಗೆ ಕೊಡಿ, ಗಟ್ಟಿಯಾಗಿರುವ, ಗಬ್ಬವೂ ಹಾಲೂ ಇಲ್ಲದ ಕುರಿಗೆ ಬೇಡ. ಹಗಲು ಬೆಳಕಿನಲ್ಲೇ ನೋಡಬೇಕು, ಚೀಟಿ ಕೈಯಲ್ಲಿ ಹಿಡಿದೇ ನೋಡಬೇಕು. ನೆನಪಿನ ಬಣ್ಣ ದಿನಕ್ಕೊಂದು ಥರ. ಇದು ರಕ್ತ ಹೀರುವ ಹೀಮಾಂಕಸ್ ಹುಳುವಿಗೆ ಸರಿಹೊಂದುವ ಪರೀಕ್ಷೆ. ಭೇದಿ ಹಿಡಿಸುವ ಬೇರೆ ಹುಳುಗಳಲ್ಲಿ ಕಣ್ಣು ಕೆಂಪಾಗಿಯೇ ಇರುತ್ತದೆ. ಯಕೃತ್ತಿನ ಹುಳು ಇದ್ದರೂ ಕಣ್ಣು ಬಿಳಿಚುತ್ತದೆ, ಆಗ ಔಷಧಿಯೇ ಬೇರೆ. ಒಂದೇ ಮಳೆಗಾಲದಲ್ಲಿ ಮೂರು ಸಲ ಔಷಧಿ ಬೇಡಿದ ಕುರಿಯ ಹೆಸರನ್ನು ಮಾರುವ ಪಟ್ಟಿಗೆ ಬರೆಯಿರಿ, ಅದರ ಮರಿಗಳನ್ನು ತಳಿಗೆ ಇಡಬೇಡಿ.

ಟಗರು ಮರಿಗಳಿಗೆ ಕಣ್ಣು ಸಾಲದು, ಹಿಕ್ಕೆಯ ಮೊಟ್ಟೆ ಎಣಿಸಬೇಕು. 4–6 ತಿಂಗಳ ಪ್ರಾಯದಲ್ಲಿ, ಕೊನೆಯ ಔಷಧಿಯಾಗಿ ಕನಿಷ್ಠ 6 ವಾರ ಕಳೆದ ಮೇಲೆ, ಮಳೆಗಾಲದ ಮೇವಿನಲ್ಲಿರುವಾಗ. ಹಿಕ್ಕೆಯನ್ನು ನೆಲದಿಂದ ಆಯಬೇಡಿ. ಕೈಗವಸು ಹಾಕಿ ನೇರವಾಗಿ ಗುದದ್ವಾರದಿಂದ ತೆಗೆದು, ಗಾಳಿ ಹೊರದಬ್ಬಿ ಚೀಲ ಕಟ್ಟಿ, ತಂಪಿನಲ್ಲಿಡಿ. ಬಿಸಿಲಿನಲ್ಲಿ ಬಿಟ್ಟರೆ ಮೊಟ್ಟೆ ಒಡೆದು ಮರಿಹುಳು ಹೊರಬರುತ್ತದೆ, ಎಣಿಕೆ ಕಡಿಮೆ ತೋರಿಸಿ ಕೆಟ್ಟ ಮರಿ ಒಳ್ಳೆಯದೆನಿಸಿಬಿಡುತ್ತದೆ.

ಎಣಿಕೆಯ ಕ್ರಮ: ಬೆಚ್ಚನೆಯ ನೀರಿಗೆ ಅಡುಗೆ ಉಪ್ಪು ಹಾಕುತ್ತಾ ಕಲಕಿ, ತಳದಲ್ಲಿ ಕರಗದ ಉಪ್ಪು ಉಳಿಯುವವರೆಗೆ (ಲೀಟರಿಗೆ 400 ಗ್ರಾಂ ಹತ್ತಿರ). ಆರಿದ ಮೇಲೆ ತಿಳಿಯನ್ನು 28 ಮಿ.ಲೀ. ತೆಗೆದುಕೊಂಡು 2 ಗ್ರಾಂ ಹಿಕ್ಕೆ ಹಾಕಿ ಚೆನ್ನಾಗಿ ಕಿವುಚಿ, ಚಹಾ ಜಾಲರಿಯಲ್ಲಿ ಸೋಸಿ. ಸೋಸಿದ್ದನ್ನು ಕಲಕುತ್ತಲೇ ಪಿಪೆಟ್‌ಗೆ ಎಳೆದು ಮ್ಯಾಕ್‌ಮಾಸ್ಟರ್ ಗಾಜಿನ (ಮೊಟ್ಟೆ ಎಣಿಸಲೆಂದೇ ಚೌಕ ಗೆರೆ ಹಾಕಿದ ಗಾಜು) ಎರಡೂ ಕೋಣೆ ತುಂಬಿಸಿ, 5 ನಿಮಿಷ ಬಿಟ್ಟು ಸೂಕ್ಷ್ಮದರ್ಶಕದಲ್ಲಿ 100 ಪಟ್ಟು ಹಿಗ್ಗಿಸಿ ನೋಡಿ. ಎರಡೂ ಚೌಕದ ಮೊಟ್ಟೆಗಳ ಮೊತ್ತವನ್ನು 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಗೆ ಎಷ್ಟು ಮೊಟ್ಟೆ ಎಂಬುದು ಸಿಗುತ್ತದೆ. ಎರಡು ಗುಳ್ಳೆಗಳಿದ್ದರೆ ಮತ್ತೆ ತುಂಬಿಸಿ, ಗುಳ್ಳೆ ಬಿಟ್ಟು ಎಣಿಸುವ ಚಾಳಿ ಬೇಡ.

ಗುಂಪಿನ ಸರಾಸರಿ 500 ದಾಟುವವರೆಗೆ ಹೋಲಿಸಬೇಡಿ. ಸರಾಸರಿ 150 ಇರುವಾಗ 50 ಬಂದದ್ದೂ 250 ಬಂದದ್ದೂ ಬಹುಶಃ ಒಂದೇ. ಆ ವ್ಯತ್ಯಾಸ ಎಣಿಕೆಯದು, ಕುರಿಯದ್ದಲ್ಲ. ಸರಾಸರಿ 1,200 ಆದಾಗ 200ರಲ್ಲಿ ನಿಂತ ಮರಿ ನಿಜಕ್ಕೂ ಬೇರೆ. ಕಾಯುವಾಗ ಮರಿಗಳನ್ನು ಸಾಯಲು ಬಿಡಬೇಕೆಂದಲ್ಲ: ವಾರಕ್ಕೊಮ್ಮೆ ಕಣ್ಣು ನೋಡಿ, 4–5 ಬಂದದ್ದಕ್ಕೆ ಕೂಡಲೇ ಕುಡಿಸಿ. ಅದರ ಎಣಿಕೆ ಹೋಯಿತು, ಆದರೆ ಉತ್ತರ ಸಿಕ್ಕಿತಲ್ಲ.

ತಡೆಯುವುದು ಬೇರೆ, ತಾಳುವುದು ಬೇರೆ. ಮೊಟ್ಟೆ ಕಡಿಮೆ ಇದ್ದರೆ ಹುಳುವನ್ನು ತಡೆಯುತ್ತಿದೆ. ಮೊಟ್ಟೆ ತುಂಬಿದ್ದರೂ ಮೈ ಇಳಿಯದಿದ್ದರೆ ತಾಳುತ್ತಿದೆ. ತಾಳುವ ಟಗರು ನೋಡಲು ಚೆಂದ, ಆದರೆ ಇಡೀ ಹಿಂಡಿಗೆ ಮೊಟ್ಟೆ ಬಿತ್ತುತ್ತಾ ತಿರುಗುತ್ತದೆ. ನಿಮ್ಮ ಪರಿಸ್ಥಿತಿಯಲ್ಲಿ ಬೇಕಾದದ್ದು ತಡೆಯುವುದು.

---

ಬೆರಕೆತಳಿ

ಇಬ್ಬರೂ ಅಡ್ಡತಳಿಯನ್ನು ಪೂರಾ ತಳ್ಳಿಹಾಕಿದ ಹಾಗಿದೆ. ಅಷ್ಟು ಬೇಡ. ದೊಡ್ಡ ಟಗರನ್ನು ಹಿಂಡು ಬದಲಿಸಲು ತರುವುದು ತಪ್ಪು, ಮಾರುವ ಮರಿ ಹುಟ್ಟಿಸಲು ತರುವುದು ತಪ್ಪಲ್ಲ.

ಲೆಕ್ಕ ಹೀಗೆ: 110ರಲ್ಲಿ ಉತ್ತಮವಾದ 75ನ್ನು ಸ್ವಂತ ಹಿಂಡಿನ ಟಗರಿಗೆ ಬಿಡಿ, ಬದಲಿ ಹೆಣ್ಣುಮರಿ ಬರುವುದು ಅಲ್ಲಿಂದಲೇ. ಉಳಿದ 35, ಅಂದರೆ ತಳಿ ಮುಂದುವರಿಸುವ ಯೋಗ್ಯತೆ ಇಲ್ಲದವು, ಅವನ್ನು ಮಾಂಸದ ಟಗರಿಗೆ ಕೂಡಿಸಿ. ಹುಟ್ಟಿದ್ದೆಲ್ಲ ಮಾರಾಟಕ್ಕೆ. ಮೊದಲ ತಲೆಮಾರಿನ ಮಿಶ್ರಣದಲ್ಲಿ ಸಂಕರದ ಹುರುಪು (ಎರಡು ತಳಿ ಕೂಡಿದಾಗ ಮರಿಗೆ ಬರುವ ಹೆಚ್ಚಿನ ಕಸುವು) ಪೂರ್ತಿ ಸಿಗುತ್ತದೆ, ಬದುಕುಳಿಯುವಿಕೆಯೂ ಬೆಳವಣಿಗೆಯೂ ಏರುತ್ತದೆ.

ಎಡವುವುದು ಎರಡು ಕಡೆ. ಒಂದು, ಮೊದಲ ಸೂಲಿನ ಸಣ್ಣ ಕುರಿಗಳನ್ನು ದೊಡ್ಡ ಟಗರಿಗೆ ಬಿಡುವುದು. ಮರಿ ದಪ್ಪವಾಗಿ ಹೆರಿಗೆ ಕಟ್ಟುತ್ತದೆ. ಎರಡನೇ ಸೂಲಿನ ನಂತರದ, ಸೊಂಟ ಅಗಲವಿರುವ ಕುರಿಗಳನ್ನೇ ಬಿಡಿ. ಎರಡು, ಹುಟ್ಟಿದ ಮಿಶ್ರ ಹೆಣ್ಣುಮರಿ ಮೂರು ತಿಂಗಳಿಗೆ ಹಿಂಡಿನಲ್ಲೇ ಸುಂದರವಾಗಿ ಕಾಣುತ್ತದೆ, ಮಾರಲು ಮನಸ್ಸಾಗುವುದಿಲ್ಲ. ಇಟ್ಟುಕೊಂಡು ಮಿಶ್ರವನ್ನು ಮಿಶ್ರಕ್ಕೇ ಕೂಡಿಸಿದರೆ ಮುಂದಿನ ತಲೆಮಾರಿಗೆ ಹುರುಪಿನಲ್ಲಿ ಅರ್ಧ ಹೋಗಿರುತ್ತದೆ, ಒಂದು ಮರಿ ಇತ್ತಕಡೆ ಇನ್ನೊಂದು ಅತ್ತಕಡೆ ಹೋಲುತ್ತದೆ. ಮರಳಿ ದೊಡ್ಡ ಟಗರಿಗೇ ಕೂಡಿಸಿದರೆ ಮುಕ್ಕಾಲು ಪಾಲು ಹೊರತಳಿ, ತಕ್ಕಡಿಯವರು ಹೇಳಿದ 60 ಕೆಜಿಯ ಲೆಕ್ಕಕ್ಕೆ ಬಂದು ನಿಂತಿರಿ.

---

ಬಯಲುಮೇವು

ಎಲ್ಲರಿಗೂ ಧನ್ಯವಾದ. ಮೂರು ಅನುಮಾನ.

1. ಒಂಟಿ ಮರಿ ಯಾವಾಗಲೂ ಅವಳಿಗಿಂತ ದಪ್ಪ. ತೂಕ ನೋಡಿ ಟಗರು ಆರಿಸಿದರೆ ಒಂಟಿ ಹೆರುವ ತಾಯಿಯ ಮಗನನ್ನೇ ಆರಿಸಿದಂತಲ್ಲವೇ? ಹೆಚ್ಚು ಮರಿಗೆ ವಂಶವಾಹಿ ಇರುವ ಟಗರು ತರಬಹುದೇ?
2. ಆರಿಸಿದ ಟಗರು ಮರಿಗಳಿಗೆ ಬೇರೆ ಕಟ್ಟಿ ಕಾಳು ಹಾಕಬೇಕೇ?
3. ರಕ್ತಸಂಬಂಧದ ಪ್ರಶ್ನೆ ಹಾಗೇ ಉಳಿಯಿತು.

---

ತಕ್ಕಡಿ

1. ಹೌದು, ಬರಿಯ ತೂಕ ಮೋಸ ಮಾಡುತ್ತದೆ. ಮೊದಲು ದಿನ ಸರಿಗಟ್ಟಿ: ಹಾಲು ಬಿಡಿಸಿದ ತೂಕದಿಂದ ಹುಟ್ಟುತೂಕ ಕಳೆದು, ಪ್ರಾಯದ ದಿನಗಳಿಂದ ಭಾಗಿಸಿ, 60ರಿಂದ ಗುಣಿಸಿ, ಹುಟ್ಟುತೂಕ ಕೂಡಿಸಿ. 2.8 ಕೆಜಿ ಹುಟ್ಟಿ 74ನೇ ದಿನ 14.2 ಕೆಜಿ ತೂಗಿದ ಮರಿಗೆ: 11.4 ÷ 74 × 60 + 2.8 = 12.0 ಕೆಜಿ. ನೀವು 90 ದಿನಕ್ಕೆ ಬಿಡಿಸುವುದಾದರೆ 60ರ ಬದಲು 90 ಹಾಕಿಕೊಳ್ಳಿ, ಆದರೆ ಎಲ್ಲಕ್ಕೂ ಒಂದೇ ಇರಲಿ. ಆಮೇಲೆ ಅವಳಿ ಗಂಡನ್ನು ಅವಳಿ ಗಂಡುಗಳ ಜೊತೆ, ಒಂಟಿಯನ್ನು ಒಂಟಿಗಳ ಜೊತೆ ಹೋಲಿಸಿ. ಮೊದಲ ಸೂಲಿನ ತಾಯಿಯ ಮರಿಗೂ ಬೇರೆ ಸಾಲು, ಅದರ ಹಾಲೇ ಕಡಿಮೆ. ಹೀಗೆ ನೋಡಿದಾಗ ತನ್ನ ಸಾಲಿನ ಸರಾಸರಿಗಿಂತ 2 ಕೆಜಿ ಮೇಲಿರುವ ಅವಳಿ, ಸರಾಸರಿಯಲ್ಲೇ ನಿಂತ ದಪ್ಪ ಒಂಟಿಗಿಂತ ಒಳ್ಳೆಯ ಟಗರು.

ಇದೆಲ್ಲ ಸಾಧ್ಯವಾಗಬೇಕಾದರೆ ಮರಿಗಳು ಒಂದೇ ಹೊತ್ತಿಗೆ ಹುಟ್ಟಬೇಕು. ಟಗರನ್ನು ವರ್ಷವಿಡೀ ಹಿಂಡಿನಲ್ಲಿ ಬಿಡಬೇಡಿ. ಬೆದೆ ಸುಮಾರು 17 ದಿನಕ್ಕೊಮ್ಮೆ ಬರುತ್ತದೆ. 51 ದಿನ ಬಿಟ್ಟರೆ ಮೂರು ಅವಕಾಶ. ಟಗರಿನ ಎದೆಗೆ ಎಣ್ಣೆಯಲ್ಲಿ ಕಲೆಸಿದ ಬಣ್ಣ ಹಚ್ಚಿ, 17 ದಿನಕ್ಕೊಮ್ಮೆ ಬಣ್ಣ ಬದಲಿಸಿ, ತಿಳಿಬಣ್ಣದಿಂದ ಗಾಢಕ್ಕೆ. ಎರಡನೇ ಬಣ್ಣವೂ ಬಹುಪಾಲು ಕುರಿಗಳ ಮೇಲೆ ಬಿದ್ದರೆ ದೋಷ ಟಗರಿನದ್ದು, ಕೂಡಲೇ ಬದಲಿಸಿ. ಮೂರು ಸರದಿಯಲ್ಲೂ ಗಬ್ಬ ನಿಲ್ಲದ ಕುರಿಯನ್ನು ಮಾರಿ. ಬೇರೇನೂ ಅಳೆಯದಿದ್ದರೂ ಇದೊಂದೇ ಶಿಸ್ತು ನಿಮ್ಮ ಒಣಹುಲ್ಲಿಗೆ ಒಗ್ಗದ ಕುರಿಗಳನ್ನು ಜರಡಿ ಹಿಡಿಯುತ್ತದೆ. ಗಬ್ಬದ ಅವಧಿ ಸುಮಾರು 147 ದಿನ. ಮರಿ ಹಾಕುವುದು ಹಸಿಮೇವು ಇರುವ ಕಾಲಕ್ಕೆ ಬೀಳುವಂತೆ ಹಿಂದಕ್ಕೆ ಎಣಿಸಿ. ಆದರೆ ಮರಿ ಹಾಕುವ ಎರಡು ವಾರದ ಮುಂಚಿನಿಂದ ಒಂದೂವರೆ-ಎರಡು ತಿಂಗಳ ತನಕ ತಾಯಿಯ ಹುಳು ತಡೆಯುವ ಶಕ್ತಿ ಕುಗ್ಗುತ್ತದೆ, ಅದು ಮಳೆಯ ತುತ್ತತುದಿಗೆ ಬೀಳದಿರಲಿ.

ಹೆಚ್ಚು ಮರಿಯ ವಂಶವಾಹಿ ಎಂದರೆ ಫೆಕ್‌ಬಿ. ಬಂಗಾಳದ ಗರೋಲ್ ಕುರಿಯಲ್ಲಿರುವುದು, ಆಸ್ಟ್ರೇಲಿಯಾದ ಬೂರೂಲಾ ಮೆರಿನೋಗೆ ಹೋದದ್ದೂ ಅದೇ. ಒಂದು ಪ್ರತಿ ಇದ್ದರೂ ಸೂಲಿಗೆ ಹತ್ತಿರಹತ್ತಿರ ಒಂದು ಮರಿ ಹೆಚ್ಚುತ್ತದೆ. ಕಾಳು ಹಾಕಿ ಕೊಟ್ಟಿಗೆಯಲ್ಲಿ ಸಾಕುವವರಿಗೆ ವರ. ದಿನಕ್ಕೆ 6 ಕಿ.ಮೀ. ನಡೆಯುವ 40 ಕೆಜಿ ಕುರಿಗೆ ತ್ರಿವಳಿ ಹುಟ್ಟಿದರೆ ಮೂರೂ ಸಣ್ಣ, ಹಾಲು ಸಾಲದು. ಈಗಿನ ಮೇವಿನಲ್ಲಿ ಬೇಡ.

2. ಕಾಳು ಹಾಕಬೇಡಿ, ಕನಿಷ್ಠ ಆಯ್ಕೆ ಮುಗಿಯುವವರೆಗೆ. ಕಾಳು ತಿಂದ ಟಗರು ತೋರಿಸುವುದು ಕಾಳು ಜೀರ್ಣಿಸುವ ಗುಣವನ್ನು. ಅದರ ಹೆಣ್ಣುಮಕ್ಕಳು ತಿನ್ನುವುದು ಒಣಹುಲ್ಲನ್ನು. ಹೊರಗಿಂದ ಟಗರು ಕೊಳ್ಳುವಾಗಲೂ ಅಷ್ಟೇ: ಮೊದಲು ಕೇಳಬೇಕಾದದ್ದು ತೂಕವಲ್ಲ, ಏನು ತಿಂದು ಆ ತೂಕ ಬಂತು, ಎಷ್ಟು ಸಲ ಔಷಧಿ ಕುಡಿಯಿತು. ಆಯ್ಕೆಯಾದ ಮೇಲೆ, ಕೂಡಿಸುವ ಎರಡು ತಿಂಗಳ ಮುಂಚಿನಿಂದ ಧಾರಾಳವಾಗಿ ಹಾಕಿ.

ಒಗ್ಗುವುದು ಎಷ್ಟು ಸೂಕ್ಷ್ಮ ಎನ್ನಲು ಒಂದು ಉಪಕಥೆ. ಸ್ಕಾಟ್ಲೆಂಡಿನ ನಾರ್ತ್ ರೊನಾಲ್ಡ್‌ಸೇ ದ್ವೀಪದ ಕುರಿಗಳು ಕಡಲಪಾಚಿ ತಿಂದು ಬದುಕುತ್ತವೆ. ಅದರಲ್ಲಿ ದೇಹಕ್ಕೆ ಸಿಗುವ ತಾಮ್ರ ತೀರಾ ಕಡಿಮೆ, ಹಾಗಾಗಿ ಸಿಕ್ಕಷ್ಟನ್ನೂ ಹೀರಿಕೊಳ್ಳಲು ಅವು ಪಳಗಿವೆ. ಅದೇ ಕುರಿಯನ್ನು ಒಳ್ಳೆಯ ಹುಲ್ಲುಗಾವಲಿಗೆ ತಂದರೆ ಯಕೃತ್ತಿನಲ್ಲಿ ತಾಮ್ರ ತುಂಬಿ ವಿಷವೇರಿ ಸಾಯಬಹುದು. ನಿಮ್ಮ ಹಿಂಡಿನಲ್ಲೂ ಕಣ್ಣಿಗೆ ಕಾಣದ ಇಂಥ ಎಷ್ಟೋ ಹೊಂದಾಣಿಕೆ ಇರಬಹುದು.

---

ಮೂರುಹಿಂಡು

ಮೂರನೇ ಪ್ರಶ್ನೆಗೆ. ಒಂದು ತಲೆಮಾರಿಗೆ ರಕ್ತಸಂಬಂಧ ಎಷ್ಟು ಏರುತ್ತದೆ ಎಂಬುದಕ್ಕೆ ಸುಲಭ ಲೆಕ್ಕವಿದೆ: 1 ÷ (8 × ಟಗರುಗಳು) + 1 ÷ (8 × ಹೆಣ್ಣುಗಳು). 3 ಟಗರು, 110 ಕುರಿಗೆ 4.3%. 6 ಟಗರಿಗೆ 2.2%. ಕುರಿಗಳ ಸಂಖ್ಯೆ ಎಷ್ಟಿದ್ದರೂ ಉತ್ತರ ಹೆಚ್ಚು ಬದಲಾಗುವುದಿಲ್ಲ, ಇಕ್ಕಟ್ಟು ಇರುವುದು ಟಗರಿನ ಸಂಖ್ಯೆಯಲ್ಲಿ. 1% ಒಳಗೆ ಇಡಬೇಕೆಂದರೆ 14–15 ಟಗರು ಬೇಕು. ಒಂದು ಹಿಂಡಿಗೆ ಅದು ದುಬಾರಿ, ಆದ್ದರಿಂದ ಸುತ್ತುಪದ್ಧತಿ ಮಾಡಿ.

ಕುರಿಗಳನ್ನು ಮೂರು ಪಂಗಡ ಮಾಡಿ, ಕಿವಿಯೋಲೆ ಕೆಂಪು, ಹಳದಿ, ನೀಲಿ. ಹೆಣ್ಣುಮರಿ ಎಂದಿಗೂ ತಾಯಿಯ ಪಂಗಡದಲ್ಲೇ ಉಳಿಯುತ್ತದೆ. ಕೆಂಪಿನಲ್ಲಿ ಹುಟ್ಟಿದ ಟಗರು ಹಳದಿಗೆ, ಹಳದಿಯದ್ದು ನೀಲಿಗೆ, ನೀಲಿಯದ್ದು ಕೆಂಪಿಗೆ. ದಿಕ್ಕು ತಿರುಗಿಸಬಾರದು. ಮೇಯುವುದು ಒಟ್ಟಿಗೇ ಮೇಯಲಿ, ಕೂಡಿಸುವ 51 ದಿನ ಮಾತ್ರ ಬೇರೆ. ಪಂಗಡಕ್ಕೆ ಇಬ್ಬರಂತೆ 6 ಟಗರು, ಪ್ರತಿಯೊಂದಕ್ಕೂ 15–20 ಕುರಿ ಬೀಳುತ್ತದೆ. ಒಂದು ವರ್ಷದ ಎಳೆ ಟಗರಿಗೂ ಹೊರೆಯಲ್ಲ. ಎರಡನ್ನೂ ಒಟ್ಟಿಗೆ ಬಿಟ್ಟರೆ ಯಾವ ಮರಿ ಯಾರದ್ದೆಂದು ತಿಳಿಯದು. ಮೊದಲ 17 ದಿನ ಒಂದು, ನಂತರ ಇನ್ನೊಂದು ಎಂದು ಬಿಡುವುದೂ ಸರಿಯಲ್ಲ, ಮೊದಲನೆಯದೇ ಬಹುಪಾಲು ಕುರಿ ಕಟ್ಟಿಬಿಡುತ್ತದೆ. ಕುರಿಗಳನ್ನೇ ಎರಡು ಬೇಲಿಗೆ ಹಂಚಿ.

ಒಂದು ಟಗರನ್ನು ಒಂದೇ ಹಂಗಾಮು ಬಳಸಿ ಕಳಿಸಿ. ಮರುವರ್ಷವೂ ಅದೇ ಪಂಗಡದಲ್ಲಿ ಇಟ್ಟರೆ ಅದರ ಹೆಣ್ಣುಮಕ್ಕಳು ಬೆದೆಗೆ ಬಂದಿರುತ್ತವೆ. ತಂದೆ-ಮಗಳ ಕೂಡಿಕೆಯಲ್ಲಿ ಹುಟ್ಟಿದ ಮರಿಗೆ 25% ರಕ್ತಸಂಬಂಧ. ಅದು ಕಾಣಿಸುವುದು ವಿಕಾರ ಮರಿಯಾಗಿ ಅಲ್ಲ, ಸುಮ್ಮನೆ ಎರಡು ದಿನದಲ್ಲಿ ಸಾಯುವ ಮರಿಯಾಗಿ, ನಿಧಾನಕ್ಕೆ ಬೆಳೆಯುವ ಮರಿಯಾಗಿ. ಜನ ಹಾಲನ್ನೋ ಚಳಿಯನ್ನೋ ದೂರುತ್ತಾರೆ.

ಬಿಡುವ ಮುಂಚೆ ಟಗರಿನ ತಪಾಸಣೆ, ಎರಡು ತಿಂಗಳು ಇರುವಾಗಲೇ:

ಬಾಯಿ ನೋಡಿ, ಕೆಳಹಲ್ಲು ಮೇಲಿನ ವಸಡಿಗೆ ತಾಗಬೇಕು, ಮುಂದೆ ಚಾಚಿದ್ದರೂ ಹಿಂದೆ ಸರಿದಿದ್ದರೂ ಬೇಡ, ಗಿಡ್ಡ ಹುಲ್ಲು ಕತ್ತರಿಸಲಾಗದು. ಕಣ್ರೆಪ್ಪೆ ಒಳಮಡಚಿದ್ದರೆ ಬೇಡ, ಅದು ಮರಿಗೆ ಇಳಿಯುತ್ತದೆ. ಗೊರಸು, ಕಾಲಿನ ಕೀಲು. ನಿಮ್ಮದು ಕಲ್ಲು ನೆಲ, ಗೊರಸು ಹರಡಿದ್ದು ವರ್ಷದಲ್ಲಿ ಕುಂಟುತ್ತದೆ. ಬೀಜ ಎರಡೂ ಕೆಳಗಿಳಿದಿರಬೇಕು, ಸಮವಾಗಿರಬೇಕು, ಒತ್ತಿದರೆ ಗಟ್ಟಿಯಾಗಿ ಪುಟಿಯಬೇಕು. ಕೆಳತುದಿಯಲ್ಲಿ ಗಂಟು ಸಿಕ್ಕಿದರೆ ಬ್ರೂಸೆಲ್ಲಾ (ಟಗರನ್ನು ಬರಡಾಗಿಸಬಲ್ಲ ಸೋಂಕು) ಅನುಮಾನ, ರಕ್ತಪರೀಕ್ಷೆ ಮಾಡಿಸಿ. ಸುತ್ತಳತೆಗೆ ದೊಡ್ಡ ತಳಿಗಳಲ್ಲಿ 14 ತಿಂಗಳು ದಾಟಿದ ಟಗರಿಗೆ 33 ಸೆಂ.ಮೀ. ಎನ್ನುತ್ತಾರೆ; ಸಣ್ಣ ತಳಿಗೆ ಆ ಅಂಕಿ ಹಿಡಿಯಬೇಡಿ, ಒಂದೇ ಪ್ರಾಯದ ನಿಮ್ಮವೇ ಟಗರುಗಳಲ್ಲಿ ಹೆಚ್ಚಿರುವುದನ್ನು ಆರಿಸಿ.

ಎರಡು ತಿಂಗಳು ಯಾಕೆಂದರೆ ವೀರ್ಯಾಣು ತಯಾರಾಗಿ ಹೊರಬರಲು 7–8 ವಾರ ಬೇಕು. ಇಂದು ಜ್ವರವೋ ಬಿಸಿಲಿನ ಝಳವೋ ತಗುಲಿದ ಟಗರು ಉತ್ಸಾಹದಿಂದ ಹಾರುತ್ತದೆ, ಗಬ್ಬ ಮಾತ್ರ ನಿಲ್ಲುವುದಿಲ್ಲ. ಬಿಸಿಲಿನ ಕಾಲದಲ್ಲಿ ಕೂಡಿಸುವುದಾದರೆ ಹಗಲು ನೆರಳಿನಲ್ಲಿ ಕಟ್ಟಿ ರಾತ್ರಿ ಬಿಡಿ. ಬಿಸಿಲು ತಾಳುವುದನ್ನೂ ಅಳೆಯಬಹುದು: ಮಧ್ಯಾಹ್ನ ನೆರಳಿಗೆ ಬಂದ ಹಿಂಡಿನಲ್ಲಿ ಪಕ್ಕೆಯ ಏರಿಳಿತ ಒಂದು ನಿಮಿಷ ಎಣಿಸಿ. ಒಂದೇ ಹೊತ್ತಿಗೆ ಒಂದು ಟಗರು 60, ಇನ್ನೊಂದು 120 ಉಸಿರಾಡುತ್ತಿದ್ದರೆ ಎರಡನೆಯದು ಆ ಸೀಮೆಯದ್ದಲ್ಲ.

ಹೊರಗಿನ ಟಗರು ಬಂದರೆ 30 ದಿನ ಬೇರೆ ಕಟ್ಟಿ. ಔಷಧಿಗೆ ಸಾಯದ ಹುಳು ಹಿಂಡಿಗೆ ಬರುವ ದೊಡ್ಡ ದಾರಿ ಅದೇ.

---

ಬಯಲುಮೇವು

ಇಷ್ಟೆಲ್ಲ ಮಾಡಿದರೆ ಎಷ್ಟು ವರ್ಷಕ್ಕೆ ಬದಲಾವಣೆ ಕಾಣುತ್ತದೆ?

---

ತಕ್ಕಡಿ

ತೂಕದಲ್ಲಿ ನಿಧಾನ. ಹಾಲು ಬಿಡಿಸುವ ತೂಕದ ಅನುವಂಶಿಕತೆ, ಅಂದರೆ ಕುರಿಗಳ ನಡುವಿನ ವ್ಯತ್ಯಾಸದಲ್ಲಿ ವಂಶದಿಂದ ಬಂದ ಪಾಲು, 0.2 ಆಸುಪಾಸು. ತನ್ನ ಸಾಲಿಗಿಂತ 3 ಕೆಜಿ ಮೇಲಿರುವ ಟಗರು ಬಿಟ್ಟರೆ 3 × 0.2 = 0.6, ಅದರಲ್ಲಿ ಮರಿಗೆ ಅರ್ಧ, 0.3 ಕೆಜಿ. ಹಿಕ್ಕೆಯ ಮೊಟ್ಟೆ ಎಣಿಕೆಯದ್ದು 0.2–0.3, ಹೆಚ್ಚುಕಡಿಮೆ ಅಷ್ಟೇ. ಅವಳಿ ಹೆರುವುದು 0.1, ಅದಕ್ಕೆ ತಾಯಿಯ ಒಂದು ಸೂಲು ನೋಡಿ ತೀರ್ಮಾನಿಸಬೇಡಿ, ಮೂರು ಸೂಲು ನೋಡಿ.

ಆದರೆ ಕುರಿಗಳನ್ನು ತೆಗೆಯುವುದರ ಲಾಭ ಮೊದಲ ವರ್ಷವೇ ಸಿಗುತ್ತದೆ, ಅದಕ್ಕೆ ತಲೆಮಾರು ಕಾಯಬೇಕಿಲ್ಲ. ಬರಡು ನಿಂತವು, ಮೂರು ಸಲ ಔಷಧಿ ಬೇಡಿದವು, ಕೆಚ್ಚಲಲ್ಲಿ ಗಂಟಿರುವವು, ಮರಿಯನ್ನು ಬಿಟ್ಟು ಹೋದವು. ಈ ನಾಲ್ಕು ಕಾರಣಕ್ಕೆ ವರ್ಷಕ್ಕೆ 15–20 ಹೋಗಲಿ. ಆರಿಸುವಾಗ ಒಮ್ಮೆಗೆ ಎರಡು ಗುಣ ಸಾಕು, ನಿಮಗೆ ಮೊಟ್ಟೆ ಎಣಿಕೆ ಮತ್ತು ತೂಕ. ಆರು ಗುಣ ಹಿಡಿದರೆ ಯಾವುದರಲ್ಲೂ ಮುಂದೆ ಹೋಗುವುದಿಲ್ಲ. ಬಣ್ಣ, ಕೊಂಬು, ಕಿವಿಯ ಉದ್ದ ನೋಡಿ ಒಂದು ಒಳ್ಳೆಯ ಟಗರನ್ನು ಬಿಟ್ಟರೂ ಅಷ್ಟು ನಷ್ಟವೇ.

---

ಹಿಕ್ಕೆಪರೀಕ್ಷೆ

ಒಂದು ಸೇರಿಸುತ್ತೇನೆ. ಈ ಮಳೆಗಾಲಕ್ಕೆ ಮೊದಲು ನೀವು ಕುಡಿಸುತ್ತಿರುವ ಔಷಧಿ ಕೆಲಸ ಮಾಡುತ್ತಿದೆಯೇ ನೋಡಿ: 10–15 ಮರಿಗಳ ಹಿಕ್ಕೆ ಎಣಿಸಿ, ಪ್ರತಿಯೊಂದನ್ನೂ ತೂಗಿ ಸರಿ ಪ್ರಮಾಣ ಕುಡಿಸಿ, 14ನೇ ದಿನ ಅವುಗಳದ್ದೇ ಮತ್ತೆ ಎಣಿಸಿ. ಇಳಿಕೆ 95%ಕ್ಕಿಂತ ಕಡಿಮೆ ಬಂದರೆ ಆ ಔಷಧಿಗೆ ಹುಳು ಒಗ್ಗಿಹೋಗಿದೆ. ಫಲಿತಾಂಶ ಬಂದ ಮೇಲೆ ಔಷಧಿಯ ಹೆಸರಿನೊಂದಿಗೆ ಇಲ್ಲೇ ಹಾಕಿ, ಮುಂದಿನದು ಯಾವ ಗುಂಪಿನದ್ದು ಎಂದು ನೋಡೋಣ.